ಒಂದೇ ಬಿಲ್, ಎರಡು ಜಗಳ

ಅಪಘಾತ ಆದ ಕಾರನ್ನು ಶೋರೂಮಿನ ವರ್ಕ್‌ಶಾಪಿಗೆ ಬಿಟ್ಟವರು ಈ ಮಾತು ಕೇಳಿಯೇ ಇರ್ತೀರಿ: "ಸರ, ಇನ್ಶೂರೆನ್ಸ್‌ನವರು ಇಷ್ಟ ಪಾಸ್ ಮಾಡ್ಯಾರ್ರಿ, ಉಳಿದದ್ದು ನೀವ ಕಟ್ಟಬೇಕ್ರಿ." ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿದ್ರೆ, "ಎಸ್ಟಿಮೇಟ್ ವರ್ಕ್‌ಶಾಪಿನವರದ್ದು, ಅವರನ್ನೇ ಕೇಳಿ" ಅಂತಾರೆ. ಇವರು ಅವರ ಕಡೆ, ಅವರು ಇವರ ಕಡೆ ಕೈ ತೋರಿಸ್ತಾರೆ. ನಡುವೆ ನಮ್ಮ ಕಾರು ವರ್ಕ್‌ಶಾಪಿನಲ್ಲೇ ನಿಂತಿರುತ್ತೆ.

ನನ್ನ ಚಿಕ್ಕಪ್ಪನ ಮಗನಿಗೆ ಆದದ್ದೂ ಇದೇ. ಮನೆ ಬ್ಯಾಡಗಿ, ಕೆಲಸ ರಾಣೆಬೆನ್ನೂರು. ಮೋಟೆಬೆನ್ನೂರಿನ ಹತ್ತಿರ ಹೈವೇಯಲ್ಲಿ ಮುಂದಿದ್ದ ಲಾರಿಗೆ ಕಾರು ತಾಗಿತು. ಯಾರಿಗೂ ಪೆಟ್ಟಾಗಲಿಲ್ಲ. ಕಾರಿಗೆ ನಾಲ್ಕು ವರ್ಷ ದಾಟಿತ್ತು, ಐದು ತುಂಬಿರಲಿಲ್ಲ. ಜೀರೋ ಡೆಪ್ ಇರಲಿಲ್ಲ. ಬಿಲ್ ಬಂದದ್ದು ₹73,000, ಅವನ ಪಾಲು ₹34,000. ಅವನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

"ಅಣ್ಣಾ, ಸಾಲ ಮಾಡಿ ಕಟ್ಟಿಬಿಡ್ತೇನಿ, ಗಾಡಿ ಇಲ್ಲದ ಡ್ಯೂಟಿಗೆ ಹೋಗಾಕ ಆಗವಲ್ದು" ಅಂದ. ಬಿಲ್ಲಿನ ಫೋಟೋ ಕಳಿಸು ಅಂದೆ.

ಮೊದಲು ಲೆಕ್ಕ

ಜೀರೋ ಡೆಪ್ ಇಲ್ಲದ ಪಾಲಿಸಿಯಲ್ಲಿ ಸವಕಳಿ ಕಳೆಯೋದಕ್ಕೆ ನಿಗದಿಯಾದ ದರ ಇದೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗೆ ಶೇ 50. ಗಾಜಿಗೆ ಏನೂ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ. 4ರಿಂದ 5 ವರ್ಷದ ಕಾರಿಗೆ ಶೇ 35. ಪೇಂಟಿಂಗ್ ಬಿಲ್ ಒಟ್ಟಾಗಿ ಬಂದಿದ್ರೆ ಅದರ ಶೇ 25 ಮಾತ್ರ ಸಾಮಗ್ರಿ ಅಂತ ಹಿಡಿದು, ಆ ಸಾಮಗ್ರಿಯ ಅರ್ಧ ಕಳೀತಾರೆ. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000 ಕಡ್ಡಾಯವಾಗಿ ನಮ್ಮದು.

ಅವನ ಎಸ್ಟಿಮೇಟ್ ₹69,000 ಇತ್ತು. ಸುಲಭ ಆಗಲಿ ಅಂತ ತೆರಿಗೆ ಸೇರಿಸಿ ಹೇಳ್ತೀನಿ:

- ಬಂಪರ್, ಹೆಡ್‌ಲೈಟ್ ₹22,000: ನಮ್ಮ ಪಾಲು ₹11,000
- ಬಾನೆಟ್, ಫೆಂಡರ್ ₹20,000: ನಮ್ಮ ಪಾಲು ₹7,000
- ಮುಂದಿನ ಗಾಜು ₹7,000: ಇಲ್ಲ
- ಪೇಂಟಿಂಗ್ ₹12,000: ನಮ್ಮ ಪಾಲು ₹1,500
- ಲೇಬರ್ ₹8,000: ಇಲ್ಲ
- ಕಡ್ಡಾಯ ಪಾಲು ₹1,000

ಒಟ್ಟು ₹20,500. ಕೇಳಿದ್ದು ₹34,000. ಹಾಗಾದ್ರೆ ₹13,500 ಎಲ್ಲಿಂದ ಬಂತು?

ಯಾವ ಸಾಲು ಯಾರದ್ದು

ಒಂದೊಂದೇ ಸಾಲು ಹಿಡಿದಾಗ ಮೂರು ಕಡೆ ಸಿಕ್ಕಿತು. ಪೇಂಟಿಂಗ್ ಪೂರ್ತಿ ಮೊತ್ತದ ಅರ್ಧ ಕಳೆದಿದ್ರು, ₹4,500 ಹೆಚ್ಚು. ಹೆಡ್‌ಲೈಟ್ "ಹಳೇ ಡ್ಯಾಮೇಜ್" ಅಂತ ಸರ್ವೇಯರ್ ಬಿಟ್ಟಿದ್ರು, ಇನ್ನೊಂದು ₹5,000. ಈ ಎರಡೂ ಇನ್ಶೂರೆನ್ಸ್ ಕಂಪನಿ ಜೊತೆಗಿನ ತಕರಾರು. ಮೂರನೆಯದು ಎಸ್ಟಿಮೇಟ್‌ನಲ್ಲೇ ಇಲ್ಲದ "ಆ್ಯಂಟಿ ರಸ್ಟ್ ಕೋಟಿಂಗ್", ₹4,000. ಅದಕ್ಕೆ ಇವನು ಒಪ್ಪಿಗೆ ಕೊಟ್ಟಿರಲಿಲ್ಲ, ಜಾಬ್ ಕಾರ್ಡ್‌ನಲ್ಲಿ ಸಹಿ ಇರಲಿಲ್ಲ. ಇದು ವರ್ಕ್‌ಶಾಪಿನ ಜೊತೆಗಿನ ತಕರಾರು.

ಹೀಗೆ ಬೇರೆ ಮಾಡಿದ ಮೇಲೆ ಕೈ ತೋರಿಸೋ ಆಟ ನಿಲ್ಲುತ್ತೆ. ಎರಡು ಕಡೆಗೂ ಬೇರೆ ಬೇರೆ ಇಮೇಲ್ ಹೋಯಿತು. ಕೌಂಟರ್ ಮುಂದೆ ನಿಂತು ದನಿ ಏರಿಸೋ ಬದಲು, ಸಾಲು ಸಂಖ್ಯೆ, ಮೊತ್ತ, ಕಾರಣ ಅಷ್ಟೇ ಬರೆದ. ಸರ್ವೇ ವರದಿಯ ಪ್ರತಿ ಕೇಳಿದ. ಹೆಡ್‌ಲೈಟಿಗೆ ಅಪಘಾತದ ಜಾಗದಲ್ಲಿ ತೆಗೆದ ಫೋಟೋ, ಎರಡು ತಿಂಗಳ ಹಿಂದಿನ ಸರ್ವಿಸ್ ಜಾಬ್ ಕಾರ್ಡ್ ಲಗತ್ತಿಸಿದ. ಆ ಕಾರ್ಡ್‌ನಲ್ಲಿ ಹೆಡ್‌ಲೈಟ್ ಒಡೆದದ್ದರ ಗುರುತೇ ಇಲ್ಲ.

ಕೋಟಿಂಗ್ ಸಾಲು ಎರಡೇ ದಿನಕ್ಕೆ ಬಿಲ್‌ನಿಂದ ಹೋಯಿತು. ಪೇಂಟಿಂಗ್ ಲೆಕ್ಕ ವಾರದೊಳಗೆ ಸರಿ ಆಯಿತು. ₹25,500 ಕಟ್ಟಿ ಕಾರು ತಂದ. ಕಟ್ಟುವಾಗ "ಹೆಡ್‌ಲೈಟ್ ಬಗ್ಗೆ ಆಕ್ಷೇಪಣೆ ಉಳಿಸಿಕೊಂಡು ಪಾವತಿಸಿದ್ದೇನೆ" ಅಂತ ಇಮೇಲ್ ಹಾಕಿದ. ನಾಳೆ ಯಾರೂ "ನೀವೇ ಒಪ್ಪಿ ಕಟ್ಟೀರಿ" ಅನ್ನಬಾರದಲ್ಲ.

ಸರ್ವೇಯರ್ ಹೇಳಿದ್ದೇ ಕೊನೆಯಲ್ಲ

₹50,000 ದಾಟಿದ ವಾಹನ ಕ್ಲೇಮಿಗೆ ಲೈಸೆನ್ಸ್ ಇರುವ ಸರ್ವೇಯರ್ ನೋಡಬೇಕು. ಅವರ ವರದಿಗೆ ತೂಕ ಇದೆ, ನಿಜ. ಆದ್ರೆ ಅದೇ ಅಂತಿಮ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ, ನ್ಯೂ ಇಂಡಿಯಾ ಅಶೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದೂ ಅಪಘಾತ ಆದ ಲಾರಿಯ ರಿಪೇರಿ ಹಣದ ಪ್ರಕರಣವೇ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಾದರೂ ಉತ್ತರ ಬರದಿದ್ರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ರೆ, ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಮೊಬೈಲಿನಿಂದಲೇ ದೂರು ಹಾಕಬಹುದು. ಫೋನ್ ನಂಬರ್ 155255.

ವರ್ಕ್‌ಶಾಪಿನ ತಕರಾರಿಗೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆಗದಿದ್ರೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ರಿಪೇರಿ ಹುಬ್ಬಳ್ಳಿಯಲ್ಲೋ ದಾವಣಗೆರೆಯಲ್ಲೋ ಆಗಿದ್ರೂ ಅಲ್ಲಿಗೆ ಅಲೆಯಬೇಕಿಲ್ಲ. ಎರಡು ವರ್ಷ ಸಮಯ ಇದೆ, ಕೊಟ್ಟ ಹಣ ₹5 ಲಕ್ಷದೊಳಗಿದ್ರೆ ಶುಲ್ಕ ಇಲ್ಲ.

ಇನ್ನೆರಡು ವಿಷಯ. ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18. ಆಮೇಲಿನ ಬಿಲ್‌ನಲ್ಲಿ 28 ಕಂಡ್ರೆ ಕೇಳಿ. ಶೋರೂಮಿನಲ್ಲೇ ರಿಪೇರಿ ಮಾಡಿಸಬೇಕು ಅಂತಲೂ ಇಲ್ಲ. ಸರ್ವೇ ಮುಗಿದ ಮೇಲೆ ನಂಬಿಕೆಯ ಗ್ಯಾರೇಜಿನಲ್ಲಿ ಮಾಡಿಸಿ, ಬಿಲ್ ಕೊಟ್ಟು ಹಣ ವಾಪಸ್ ಪಡೀಬಹುದು. ಮೊದಲು ಕೈಯಿಂದ ಹಾಕಬೇಕಷ್ಟೆ. ಹೊರಗಿನ ಗ್ಯಾರೇಜಿಗೆ ಬಿಡಿಭಾಗ ಸಿಗದ ಹಾಗೆ ಮಾಡಿದ್ದಕ್ಕೇ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ₹2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು.

ನಮ್ಮ ಊರ ಕಡೆ ಒಂದು ಸಂಕೋಚ ಇದೆ: "ಗುರುತಿನವರು, ಹೆಂಗ ಕೇಳೂದು?" ಆದ್ರೆ ಬ್ಯಾಡಗಿ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಚೀಲ ಇಳಿಸಿದ ರೈತ ತೂಕದ ಚೀಟಿ ನೋಡದೆ ಲೆಕ್ಕ ಮುಗಿಸ್ತಾನಾ? ಅದಕ್ಕೆ ಯಾರೂ ಜಗಳ ಅನ್ನಲ್ಲ, ವ್ಯವಹಾರ ಅಂತಾರೆ. ಬಿಲ್ಲಿನ ಸಾಲು ಕೇಳೋದೂ ಅಷ್ಟೇ.

ಹೆಡ್‌ಲೈಟಿನ ₹5,000 ಇನ್ನೂ ಬಂದಿಲ್ಲ. ದೂರು ದಾಖಲಾಗಿದೆ, ನಂಬರ್ ಸಿಕ್ಕಿದೆ. ಅಷ್ಟಕ್ಕೆ ಯಾಕಿಷ್ಟು ಓಡಾಟ ಅಂತ ಚಿಕ್ಕಮ್ಮ ಕೇಳಿದ್ರು. ಓಡಾಟ ಏನೂ ಇಲ್ಲ ಚಿಕ್ಕಮ್ಮ, ಹತ್ತು ನಿಮಿಷ ಮೊಬೈಲ್ ಒತ್ತಿದ್ದಷ್ಟೇ.