ನಡುವಯಸ್ಸಿನಲ್ಲಿ ಹೊಸ ಓದು

“ಈ ವಯಸ್ಸಿನಲ್ಲಿ ಓದೇಕೆ, ಊರು ಸುತ್ತುವುದೇಕೆ?” ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಅದಕ್ಕೆ ಗುರಿಯಾಗುವವಳು ಹೆಚ್ಚಾಗಿ ತಾಯಿಯೇ. ಮಗ ಹಾಸ್ಟೆಲ್ ಸೇರುತ್ತಾನೆ, ಮಗಳು ಗಂಡನ ಮನೆಗೆ ಹೋಗುತ್ತಾಳೆ. ಇಪ್ಪತ್ತು ವರ್ಷ ಆಕೆಯ ದಿನವನ್ನು ತುಂಬಿದ್ದ ಕೆಲಸ ಒಮ್ಮೆಲೇ ಅರ್ಧವಾಗುತ್ತದೆ. ನಾವು ಹೊಸ ಬಾಳಿಗೆ ಕಾಲಿಟ್ಟ ದಿನವೇ ಆಕೆಯ ಹಳೆಯ ಬಾಳೂ ಮುಗಿಯಿತೆಂದು ನಾವು ಯೋಚಿಸಿದ್ದುಂಟೆ?

ಈ ಘಟ್ಟವನ್ನು ನಮ್ಮ ಹಿರಿಯರು ವಾನಪ್ರಸ್ಥವೆಂದು ಕರೆದರು. ಗೃಹಸ್ಥನು ಕಾಡಿಗೆ ಹೊರಟರೆ ಪತ್ನಿ ಮಕ್ಕಳ ಬಳಿ ಉಳಿಯಬೇಕು, ಇಲ್ಲವೆ ಅವನನ್ನು ಹಿಂಬಾಲಿಸಬೇಕು ಎಂದಿತು ಮನುಸ್ಮೃತಿ. ಆಕೆಗೆಂದೇ ಒಂದು ದಾರಿಯನ್ನು ಹೇಳಲಿಲ್ಲ. ಇಂದು ದಾರಿಗಳಿವೆ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಮನೆಯಲ್ಲಿದ್ದೇ ಪದವಿಗೆ ಓದುವ ಅವಕಾಶ ನೀಡಿದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು.

ಆದರೆ ಮಿತ್ರರೇ, ಸರ್ಕಾರ ಬಸ್ಸು ಕೊಟ್ಟೀತು, ವಿಶ್ವವಿದ್ಯಾನಿಲಯ ಪುಸ್ತಕ ಕೊಟ್ಟೀತು. ಬಿಡುವು ಕೊಡಬೇಕಾದವರು ಮನೆಯವರು. ರಜೆಗೆ ಬಂದೊಡನೆ “ಅಮ್ಮಾ, ಊಟ” ಎನ್ನುವ ನಾವು, ಆಕೆಯ ಮುಂದೆ ಪುಸ್ತಕ ತೆರೆದಿದ್ದರೆ, ತಟ್ಟೆ ಹಾಕಿಕೊಂಡು ನಾವೇ ಬಡಿಸಿಕೊಳ್ಳುವುದನ್ನು ಕಲಿಯೋಣ. ಆಕೆಯ ಹೊಸ ಪಾಠದೊಡನೆ ನಮ್ಮ ಪಾಲಿನ ಈ ಪಾಠವೂ ಮೊದಲಾಗಲಿ.