ಮನೆಯ ಆಚರಣೆ, ಮನೆಯ ಮಾತು: ಗುಜರಾತಿನ ಯಹೂದ್ಯರನ್ನು ಕುರಿತು ಒಂದು ವಿಚಾರ

ನಾಡು ಬಿಟ್ಟು ಹೋದ ಜನ ತಮ್ಮ ಪರಂಪರೆಯನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ನಮ್ಮಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ಭಾಷೆ ಉಳಿದರೆ ಎಲ್ಲವೂ ಉಳಿದಂತೆ, ಭಾಷೆ ಅಳಿದರೆ ಎಲ್ಲವೂ ಅಳಿದಂತೆ. ಕನ್ನಡ ವಿಭಾಗವೊಂದರ ಸಂಪುಟದಲ್ಲಿ ಈ ಮಾತನ್ನು ಪ್ರಶ್ನಿಸುವುದು ಅವಿನಯವೆನಿಸಬಹುದು. ಆದರೂ ಸೂರತ್ತಿನಲ್ಲಿ ಬೆಳೆದ ಕನ್ನಡ ಮನೆತನದವನಾದ ನನಗೆ ಈ ಉತ್ತರ ಅರ್ಧ ಮಾತ್ರ ನಿಜವೆಂದು ತೋರಿದೆ. ಇನ್ನರ್ಧವನ್ನು ನಾನು ಕಂಡುಕೊಂಡದ್ದು ಗುಜರಾತಿನ ಯಹೂದ್ಯರ ಇತಿಹಾಸದಲ್ಲಿ.

ಸೂರತ್ ಬಂದರು ವೈಭವದಲ್ಲಿದ್ದ ಕಾಲದಲ್ಲಿ ಅರಬ್ಬೀ ಮಾತನಾಡುವ ಯಹೂದಿ ವರ್ತಕರು ಪಶ್ಚಿಮ ಏಷ್ಯಾದಿಂದ ಬಂದು ಇಲ್ಲಿ ನೆಲೆಸಿದ್ದರು. ಅಲೆಪ್ಪೋ ನಗರದ ಶಾಲೋಮ್ ಕೊಹೆನ್ ಸೂರತ್ತಿನಿಂದ 1798ರಲ್ಲಿ ಕಲ್ಕತ್ತೆಗೆ ತೆರಳಿದರು. ಅಲ್ಲಿನ ಯಹೂದಿ ಸಮುದಾಯ ಅವರಿಂದಲೇ ಆರಂಭವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಮುಂಬಯಿ ಏರಿದಂತೆ ಸೂರತ್ ಇಳಿಯಿತು. ವ್ಯಾಪಾರದ ಹಿಂದೆ ವರ್ತಕರೂ ಹೋದರು. ಅವರು ಬಿಟ್ಟುಹೋದ ಹಳೆಯ ಸ್ಮಶಾನದ ಹೀಬ್ರೂ ಅಕ್ಷರದ ಕಲ್ಲುಗಳನ್ನು ಓದಬಲ್ಲವರು ಇಂದು ಆ ಊರಿನಲ್ಲಿ ಸಿಗುವುದು ಕಷ್ಟ. ಬಿಡಿಸಿ ಹೇಳುವವರಿಲ್ಲದಾಗ ಅಕ್ಷರವೂ ಬರಿಯ ಗೀರು.

ಅಹಮದಾಬಾದಿನ ಕಥೆ ಬೇರೆ ಬಗೆಯದು. ಅಲ್ಲಿನ ಯಹೂದ್ಯರು ಕೊಂಕಣದಿಂದ ಬಂದ ಬೆನೆ ಇಸ್ರೇಲರು. ಆಲಿಬಾಗ್ ಸಮೀಪದ ನವಗಾಂವ್ ತೀರದಲ್ಲಿ ಹಡಗು ಒಡೆದು ಉಳಿದ ಏಳು ದಂಪತಿಗಳಿಂದ ತಮ್ಮ ಕುಲ ಬೆಳೆಯಿತೆಂದು ಅವರ ಐತಿಹ್ಯ. ಎಣ್ಣೆ ತೆಗೆಯುವುದು ಅವರ ಕಸುಬು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಊರ ಹೆಸರಿಗೆ ‘ಕರ್’ ಸೇರಿಸಿದ ಮನೆತನದ ಹೆಸರುಗಳು ಅವರವು, ಮನೆಮಾತು ಮರಾಠಿ. ಹತ್ತೊಂಬತ್ತನೆಯ ಶತಮಾನದಿಂದ ಇವರು ಸರ್ಕಾರಿ ನೌಕರಿ, ರೈಲ್ವೆ, ಗಿರಣಿ, ಶಾಲೆಗಳ ಕೆಲಸ ಹಿಡಿದು ಗುಜರಾತಿಗೆ ಬಂದರು. 1934ರಲ್ಲಿ ಅಹಮದಾಬಾದಿನ ಹಳೆಯ ನಗರದ ಖಮಾಸಾ ಭಾಗದಲ್ಲಿ ಮಾಗೆನ್ ಅಬ್ರಹಾಂ ಎಂಬ ಪ್ರಾರ್ಥನಾ ಮಂದಿರ ನಿರ್ಮಾಣವಾಯಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕುಟುಂಬಗಳು ಒಂದೊಂದಾಗಿ ಅತ್ತ ಹೊರಟವು. 2018ರಲ್ಲಿ ಗುಜರಾತ್ ಸರ್ಕಾರ ಯಹೂದ್ಯರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡುವ ವೇಳೆಗೆ ರಾಜ್ಯದಲ್ಲಿ ಉಳಿದಿದ್ದವರು ಇನ್ನೂರಕ್ಕಿಂತ ಕಡಿಮೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಜನ ಹೀಬ್ರೂ ಭಾಷೆಯನ್ನು ಮರೆತು ಎಷ್ಟೋ ಶತಮಾನಗಳು ಕಳೆದಿದ್ದವು. ‘ಶೆಮಾ’ ಎಂಬ ಒಂದು ಪ್ರಾರ್ಥನೆಯ ಹೊರತು ಹೆಚ್ಚೇನೂ ನೆನಪಿನಲ್ಲಿ ಉಳಿದಿರಲಿಲ್ಲವೆನ್ನುತ್ತಾರೆ. ಆದರೆ ಶನಿವಾರದ ವಿಶ್ರಾಂತಿ ಉಳಿಯಿತು, ಸುನ್ನತಿ ಉಳಿಯಿತು, ಆಹಾರದ ನಿಷೇಧಗಳು ಉಳಿದವು. ಮಾಂಸವನ್ನು ಹಾಲಿನೊಡನೆ ಬೆರೆಸಬಾರದೆಂಬ ಕಟ್ಟಳೆಯಿದ್ದುದರಿಂದ ಅಡುಗೆಗೆ ತೆಂಗಿನ ಹಾಲು ಬಂತು. ಪಾನನಿಷೇಧವಿರುವ ಗುಜರಾತಿನಲ್ಲಿ ಸಬ್ಬತ್ತಿನ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಕಿವುಚಿದ ಶರಬತ್ತು ಬಂತು. ಹರಕೆ ತೀರಿದಾಗ, ಮದುವೆ ಕೂಡಿದಾಗ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ‘ಮಲಿದಾ’ ಅರ್ಪಿಸುತ್ತಾರೆ. ಅದು ಅವಲಕ್ಕಿ, ತೆಂಗಿನ ತುರಿ, ಸಿಹಿ, ಹಣ್ಣುಗಳ ತಟ್ಟೆ. ನಮ್ಮ ಯಾವ ಮನೆಯ ನೈವೇದ್ಯವೂ ಆಗಬಹುದಾದದ್ದು. 1874ರಲ್ಲಿ ಪುಣೆಯಲ್ಲಿ ಅಚ್ಚಾದ ಪೆಸಾಹ್ ಹಬ್ಬದ ಪಠ್ಯದಲ್ಲಿ ಹೀಬ್ರೂ, ಮರಾಠಿ ಎರಡೂ ಇವೆ. ಅದರ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ಹುಳಿಹಿಟ್ಟಿಲ್ಲದ ರೊಟ್ಟಿ ಮಾಡುತ್ತಿದ್ದಾರೆ.

ಇಷ್ಟೆಲ್ಲ ಇದ್ದೂ 1960ರ ದಶಕದ ಆರಂಭದಲ್ಲಿ ಇಸ್ರೇಲಿನ ಧರ್ಮಪಂಡಿತರು ಇವರ ಯಹೂದ್ಯತ್ವವನ್ನೇ ಸಂಶಯಿಸಿ, ಮದುವೆಗೆ ಮುನ್ನ ವಂಶಪರೀಕ್ಷೆ ಬೇಕೆಂದರು. ಪ್ರತಿಭಟನೆಯ ನಂತರ 1964ರಲ್ಲಷ್ಟೇ ಅಲ್ಲಿನ ಸರ್ಕಾರ ಇವರು ಎಲ್ಲ ವಿಧದಲ್ಲೂ ಯಹೂದ್ಯರೇ ಎಂದು ಸಾರಿತು. ಗ್ರಂಥವನ್ನೇ ಪ್ರಮಾಣವಾಗಿ ಹಿಡಿದ ವಿದ್ವತ್ತು ಅಡುಗೆಮನೆಯ ಸಾಕ್ಷ್ಯವನ್ನು ಓದಲಾರದೆ ಹೋದ ನಿದರ್ಶನವಿದು. ನಾವು ವಿದ್ವಾಂಸರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಪೂರ್ವ ಯುರೋಪಿನ ಯಹೂದ್ಯರ ಯಿಡ್ಡಿಷ್. ಜರ್ಮನ್ ಮೂಲದ, ಹೀಬ್ರೂ ಲಿಪಿಯ, ಸ್ಲಾವ್ ನುಡಿಗಳಿಂದಲೂ ಪದ ಪಡೆದ ಈ ಭಾಷೆಯನ್ನು ಎರಡನೆಯ ಮಹಾಯುದ್ಧಕ್ಕೆ ಮುನ್ನ ಒಂದು ಕೋಟಿಗೂ ಹೆಚ್ಚು ಜನ ಆಡುತ್ತಿದ್ದರು. ಅದಕ್ಕೆ ಪತ್ರಿಕೆಗಳಿದ್ದವು, ರಂಗಭೂಮಿಯಿತ್ತು, ದೊಡ್ಡ ಸಾಹಿತ್ಯವಿತ್ತು. ನಾಜಿಗಳ ಹತ್ಯಾಕಾಂಡ ಆ ಭಾಷಿಕರಲ್ಲಿ ಅರ್ಧದಷ್ಟು ಜನರನ್ನು ಕೊಂದಿತು. ಅಮೆರಿಕಕ್ಕೆ ವಲಸೆ ಹೋದವರ ಮನೆಗಳಲ್ಲಿ ಯಾವ ಹಿಂಸೆಯೂ ಇಲ್ಲದೆ ಅದು ಸೊರಗಿತು. ತಂದೆತಾಯಿಗಳು ಯಿಡ್ಡಿಷಿನಲ್ಲಿ ಕೇಳಿದರು, ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸಿದರು. ಮೊಮ್ಮಕ್ಕಳಿಗೆ ಲಿಪಿಯೇ ತಿಳಿಯಲಿಲ್ಲ. ಅಜ್ಜಂದಿರು ತೀರಿಕೊಂಡಾಗ ಅವರ ಪುಸ್ತಕಗಳು ಕಸಕ್ಕೆ ಹೋದವು. 1980ರಲ್ಲಿ ಆರನ್ ಲ್ಯಾನ್ಸ್ಕಿ ಎಂಬ ತರುಣ ವಿದ್ಯಾರ್ಥಿ ಅವುಗಳನ್ನು ಸಂಗ್ರಹಿಸಲು ಮ್ಯಾಸಚೂಸೆಟ್ಸಿನಲ್ಲಿ ಒಂದು ಕೇಂದ್ರ ತೆರೆದರು. ಪ್ರಪಂಚದಲ್ಲೆಲ್ಲ ಸೇರಿ ಎಪ್ಪತ್ತು ಸಾವಿರ ಯಿಡ್ಡಿಷ್ ಪುಸ್ತಕ ಸಿಗಬಹುದೆಂದು ಬಲ್ಲವರು ಅಂದಾಜಿಸಿದ್ದರು. ಕೂಡಿಬಂದದ್ದು ಹತ್ತು ಲಕ್ಷಕ್ಕೂ ಹೆಚ್ಚು.

ಈ ಸಂಗತಿ ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಟ್ರಂಕು. ನನ್ನ ತಂದೆ ಧಾರವಾಡದ ಕಡೆಯಿಂದ ಸೂರತ್ತಿಗೆ ಬಟ್ಟೆ ಗಿರಣಿಯ ಕೆಲಸಕ್ಕೆ ಬಂದವರು. ಮನೆಯಲ್ಲಿ ಜೋಳದ ರೊಟ್ಟಿಯಿತ್ತು, ಎಳ್ಳಮಾವಾಸ್ಯೆಯ ಊಟವಿತ್ತು, ಯುಗಾದಿಯ ಬೇವಿತ್ತು. ಅಪ್ಪ ಅವ್ವ ಕನ್ನಡದಲ್ಲಿ ಕರೆದರೆ ನಾವು ಗುಜರಾತಿಯಲ್ಲಿ ಓಗೊಡುತ್ತಿದ್ದೆವು. ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅಜ್ಜ ಬರೆದ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಸಿಕ್ಕಿತು. ನನಗಾಗ ಇಪ್ಪತ್ಮೂರು ವರ್ಷ, ಒಂದಕ್ಷರವೂ ಬಾರದು. ಊರಿನಿಂದ ಬಂದ ಕಾಕಾ ಓದಿ ಹೇಳಿದರು. ಮಳೆಯ ಸುದ್ದಿ, ಎತ್ತಿನ ಬೆಲೆ, ಯಾರದೋ ಮದುವೆ. ಪ್ರತಿ ಪತ್ರದ ಕೊನೆಗೂ ಒಂದೇ ಮಾತು: “ಹುಡುಗನ ಕಡಿಂದ ಎರಡು ಸಾಲು ಬರಸಿ ಕಳಸು.” ಆ ಎರಡು ಸಾಲನ್ನು ನಾನು ಬರೆಯುವ ವೇಳೆಗೆ ಓದಲು ಅಜ್ಜ ಇರಲಿಲ್ಲ. ಕನ್ನಡ ಕಲಿಯಲು ನಾನು ಹೊರಟದ್ದು ಅಭಿಮಾನದಿಂದಲ್ಲ, ಈ ನಾಚಿಕೆಯಿಂದ.

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಹೇಳಬಯಸುತ್ತೇನೆ. ಆಚರಣೆ ತನ್ನಷ್ಟಕ್ಕೆ ಉಳಿಯಬಲ್ಲದು. ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಮರಳಿ ಬರುವ ಗುಣ ಅದಕ್ಕಿದೆ. ಭಾಷೆ ಬದಲಾದರೂ ಅದು ಹೊಸ ಭಾಷೆಯಲ್ಲಿ ಬೇರೂರುತ್ತದೆ. ಭಾಷೆಗೆ ಆ ಸೌಲಭ್ಯವಿಲ್ಲ. ಮಗುವಿನ ಕೈಗೆ ಅದರಲ್ಲೇ ಮಾಡಬೇಕಾದ ಒಂದು ಕೆಲಸ, ಕಡೆಗೆ ಅಜ್ಜನಿಗೆ ಒಂದು ಪತ್ರ, ಸಿಗದಿದ್ದರೆ ಮೂರನೆಯ ತಲೆಮಾರಿಗೆ ಅದು ಇಲ್ಲ. ಹಬ್ಬ ಮಾಡಿದೆವು, ಹೋಳಿಗೆ ತಿಂದೆವು, ಕನ್ನಡ ಉಳಿಯಿತು ಎಂದು ಹೊರನಾಡಿನವರು ಸಮಾಧಾನಪಡುವುದು ತಪ್ಪು. ಕನ್ನಡ ಬಾರದವನು ಕನ್ನಡಿಗನೇ ಅಲ್ಲ ಎಂದು ಒಳನಾಡಿನವರು ತೀರ್ಪು ಕೊಡುವುದೂ ಅಷ್ಟೇ ತಪ್ಪು. ಅದು 1960ರ ದಶಕದ ಆ ಪಂಡಿತರ ತಪ್ಪು.

ಗುಜರಾತಿಗೂ ಕನ್ನಡಕ್ಕೂ ಇರುವ ನಂಟು ಹಳೆಯದು. ಗುಜರಾತಿನ ರಾಷ್ಟ್ರಕೂಟ ಶಾಖೆಯ ತಾಮ್ರಪಟಗಳಲ್ಲಿ ಅರಸರ ಅಂಕಿತ ದಕ್ಷಿಣದ ಲಿಪಿಯಲ್ಲಿರುವುದನ್ನು ಅಲ್ತೇಕರ್ ಗುರುತಿಸಿದ್ದಾರೆ. ಸೂರತ್ತಿಗೆ ಹತ್ತಿರದ ನವಸಾರಿಯಲ್ಲಿ ದೊರೆತ ಕರ್ಕನ ಪಟ ಅವುಗಳಲ್ಲೊಂದು. ನಾವು ಹೆಮ್ಮೆಯಿಂದ ಉಲ್ಲೇಖಿಸುವ ಆಧಾರವಿದು. ಆದರೆ ಅಂಕಿತದಷ್ಟೇ ಉಳಿದ ನುಡಿ ಆ ನೆಲದಲ್ಲಿ ಮುಂದೆ ಬಾಳಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕು.

ನಮ್ಮ ವಿಭಾಗಗಳು ಏನು ಮಾಡಬಹುದು? 1925ರಲ್ಲಿ ವಿಲ್ನಾ ನಗರದಲ್ಲಿ ಸ್ಥಾಪನೆಯಾದ ಯಿವೋ ಎಂಬ ಯಿಡ್ಡಿಷ್ ಸಂಶೋಧನ ಸಂಸ್ಥೆ ಊರೂರಿನ ಸಾಮಾನ್ಯರನ್ನೇ ಸಂಗ್ರಾಹಕರನ್ನಾಗಿ ಮಾಡಿಕೊಂಡಿತು. ಗಾದೆ, ಹಾಡು, ಭಿತ್ತಿಪತ್ರ, ಖಾಸಗಿ ಪತ್ರ ಎಲ್ಲವನ್ನೂ ಅವರು ಕಳಿಸಿಕೊಟ್ಟರು. ನಮ್ಮ ಜಾನಪದ ವಿದ್ವಾಂಸರಿಗೆ ಈ ಕ್ರಮ ಹೊಸದಲ್ಲ. ಆದರೆ ನಮ್ಮ ಕ್ಷೇತ್ರಕಾರ್ಯ ಬಹುಮಟ್ಟಿಗೆ ನಾಡಿನ ಗಡಿಯೊಳಗೇ ನಿಂತಿದೆ. ಸೂರತ್, ವಡೋದರಾ, ಅಹಮದಾಬಾದುಗಳ ಕನ್ನಡ ಮನೆಗಳಲ್ಲಿರುವ ಪತ್ರ, ಲೆಕ್ಕದ ಪುಸ್ತಕ, ಹಾಡಿನ ವಹಿಗಳನ್ನು ನಮ್ಮ ವಿದ್ಯಾರ್ಥಿಗಳು ಹೋಗಿ ನೋಡಲಿ, ಪ್ರತಿ ಮಾಡಿಕೊಳ್ಳಲಿ. ಹೋದಲ್ಲಿ ಆ ಮನೆಯ ಮಗುವಿಗೆ ಅದರ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿಸಿ ಬರಲಿ. ಟ್ರಂಕುಗಳನ್ನು ಗುಜರಿಗೆ ಹಾಕುವ ಮೊದಲು ಈ ಕೆಲಸ ಆಗಬೇಕು.