ನಾವು ನಿರಾಶ್ರಿತರಲ್ಲ ಸ್ವಾಮಿ

ಮುಂಬಯಿ ಕನ್ನಡಿಗರ ಸಭೆಗಳಲ್ಲಿ ಒಂದು ಮಾತು ತಪ್ಪದು: "ಹೊಟ್ಟೆಪಾಡಿಗೆ ಪರದೇಶಿಗಳಾದೆವು." ಕುರ್ಲಾದಲ್ಲಿ ವರ್ಷಗಟ್ಟಲೆ ಇದ್ದವನು ನಾನು, ಈ ಗೋಳು ಸಾಕು ಮಾರಾಯ್ರೆ! ಅರವತ್ತರ ದಶಕದಲ್ಲಿ ಉಡುಪಿ ಹೋಟೆಲುಗಳಿಗೆ ಕಲ್ಲು ಬಿದ್ದದ್ದು ನಿಜ, ಮರೆಯಬೇಕಿಲ್ಲ. ಆದರೆ ಇದೇ ಕುರ್ಲಾದ ಟರ್ಮಿನಸ್ಸಿನಿಂದ ದಿನಾ ಮತ್ಸ್ಯಗಂಧ ಹೊರಡುತ್ತದೆ. ಮಧ್ಯಾಹ್ನ ಹತ್ತಿ ಕೂತರೆ ಮರುದಿನ ಮಂಗಳೂರು.

ಪಕ್ಕದ ಚೆಂಬೂರಿನ ಸಿಂಧಿಗಳನ್ನು ಕೇಳಿ. ದೇಶ ಒಡೆದಾಗ, 1947-48ರಲ್ಲಿ, ಜೀವ ಉಳಿಸಿಕೊಳ್ಳಲು ಕರಾಚಿಯಲ್ಲಿ ಹಡಗು ಹತ್ತಿದವರು ಎಷ್ಟೋ ಮಂದಿ. ಕಲ್ಯಾಣದ ಬಳಿ ಎರಡನೇ ಮಹಾಯುದ್ಧದ ಸೈನಿಕರು ಬಿಟ್ಟುಹೋದ ಬರಾಕುಗಳಲ್ಲಿ ಸಾವಿರಾರು ಸಂಸಾರ ಇಳಿದವು. ಅದೇ ಈಗಿನ ಉಲ್ಲಾಸನಗರ. 1956ರಲ್ಲಿ ನಮಗೆ ರಾಜ್ಯ ಸಿಕ್ಕಿತು. ಅವರ ಸಿಂಧ್ ಇಡೀ ಗಡಿಯಾಚೆ ಉಳಿಯಿತು. ಅವರ ಭಾಷೆ ಸಂವಿಧಾನದ ಎಂಟನೇ ಅನುಸೂಚಿ ಸೇರಲು 1967 ಬರಬೇಕಾಯಿತು. ರಾಜಸ್ಥಾನದ ಮುನಾಬಾವ್‌ನಿಂದ ಸಿಂಧ್‌ಗೆ ಹೋಗುತ್ತಿದ್ದ ರೈಲು 1965ರ ಯುದ್ಧಕ್ಕೆ ನಿಂತಿತು. 2006ರಲ್ಲಿ ಶುರುವಾದದ್ದು 2019ರಲ್ಲಿ ಮತ್ತೆ ಬಂದ್.

ಬ್ಯಾಂಕಿನ ಫಾರಮ್ಮಿನಲ್ಲಿ 'ಖಾಯಂ ವಿಳಾಸ' ಅಂತ ಒಂದು ಕಾಲಂ ಇರುತ್ತದಲ್ಲ. ನಮ್ಮವರು ಠೀವಿಯಿಂದ ಊರಿನ ಮನೆಯ ಹೆಸರು ಬರೆಯುತ್ತಿದ್ದರು. ಸಿಂಧಿ ಅಜ್ಜಂದಿರು ಬರೆಯುತ್ತಿದ್ದದ್ದು ಬರಾಕಿನ ನಂಬರು.

ಊರಿನವರೇ, ಸಭೆಯಲ್ಲಿ ನಾವು ಕಣ್ಣೊರೆಸಿಕೊಂಡರೆ ಮರುಗಬೇಡಿ. ಕಿಸೆಯಲ್ಲಿ ನಾಳೆಯ ಟಿಕೇಟು ಇದ್ದೀತು.